ಮಾವನವರ ಚೌಕಟ್ಟಿನಲ್ಲಿ ಮಾನಿಟರ್

ಕೆಟ್ಟುಹೋದದ್ದನ್ನು ಎಸೆಯುವವನು ಇತಿಹಾಸಕಾರನೇ ಅಲ್ಲ! ಈ ಘೋಷಣೆಯನ್ನು ನಾನು ಹೊರಡಿಸಿದ್ದು ಶೇಡಬಾಳದ ನಮ್ಮ ಮನೆಯ ಪಡಸಾಲೆಯಲ್ಲಿ, ಸತ್ತ ಲ್ಯಾಪ್‌ಟಾಪೊಂದನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು, ಜೋಳ ಹಸನು ಮಾಡುತ್ತ ಕುಳಿತಿದ್ದ ನನ್ನ ಪತ್ನಿ ಮನೀಷಾಳ ಎದುರಿನಲ್ಲಿ.

“ಇದರ ಮದರ್‌ಬೋರ್ಡ್ ಸತ್ತೈತಿ. ಆದ್ರ ಪರದೆ ಜೀವಂತ ಐತಿ! ಇದಕ್ಕೊಂದ ಚೌಕಟ್ ಕೂಡಿಸಿ ನಾನ ಒಂದ ಮಾನಿಟರ್ ನಿರ್ಮಾಣ ಮಾಡ್ತೀನಿ.”

“ಹ್ವಾದ ವರ್ಷ ಮಿಕ್ಸರ್ ನಿರ್ಮಾಣ ಮಾಡಿದ್ರಲ್ಲ, ಹಂಗೇನ್ರಿ?”

ಆ ಮಿಕ್ಸರಿನ ಚರಿತ್ರೆಯಾಗಲಿ, ಅಡುಗೆಮನೆಯ ಛಾವಣಿಯಲ್ಲಿ ಇಂದಿಗೂ ಕಾಣಸಿಗುವ ಶೇಂಗಾ ಚಟ್ನಿಯ ಅವಶೇಷಗಳಾಗಲಿ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ನನ್ನ ಉದ್ಯೋಗವೆಂದರೆ ಹಿರಿಯರ ಬಾಯಿಂದ ಹಿಂದಿನ ಸಂಗತಿಗಳನ್ನು ಕೇಳಿ, ಧ್ವನಿ ಮುದ್ರಿಸಿಕೊಂಡು, ಅಕ್ಷರಕ್ಕಿಳಿಸುವುದು. ಚಿಂಚಲಿಯ ಕುರಿಗಾರ ಮಲಕಾರಿ ಅಜ್ಜನೊಬ್ಬನೇ ನನಗೆ ನಲವತ್ತೊಂದು ಗಂಟೆಗಳ ಮಾತು ಕೊಟ್ಟಿದ್ದಾನೆ. ಅದರಲ್ಲಿ ಹನ್ನೊಂದು ಗಂಟೆ ಕಳೆದುಹೋದ ಒಂದೇ ಟಗರಿನ ಬಗ್ಗೆ. ಇಂಥ ಮಹಾಕಾರ್ಯಕ್ಕೆ ಒಂದು ಪರದೆ ಸಾಲದು. ಒಂದರಲ್ಲಿ ಧ್ವನಿಯ ಗೆರೆ ಓಡುತ್ತಿರಬೇಕು, ಇನ್ನೊಂದರಲ್ಲಿ ಅಕ್ಷರ ಮೂಡುತ್ತಿರಬೇಕು. ಆಗಲೇ ಟಗರಿಗೆ ನ್ಯಾಯ ಸಲ್ಲುವುದು!

ಈ ಮನೆಗೆ ನಾನು ಮನೆಅಳಿಯ. ಮಾವ ಸತ್ತೆಪ್ಪನವರು ತೀರಿಕೊಂಡು ನಾಲ್ಕು ವರ್ಷಗಳಾಗುತ್ತ ಬಂದಿದ್ದವು. ಅವರು ಬಿಟ್ಟುಹೋದದ್ದು ಎರಡು ಎಕರೆ ದ್ರಾಕ್ಷಿ ತೋಟ, ಅತ್ತೆ ಅಕ್ಕವ್ವನವರು, ಮತ್ತು ಒಂದೇ ಒಂದು ಫೋಟೋ. ತೋಟವನ್ನು ಅತ್ತೆಯವರೇ ನೋಡಿಕೊಳ್ಳುತ್ತಿದ್ದರು. ನಾನೂ ತೋಟವೂ ಪರಸ್ಪರ ಗೌರವದಿಂದ ದೂರವಿದ್ದೆವು.

ನಿಪ್ಪಾಣಿಯಲ್ಲಿ ರಿಪೇರಿ ಅಂಗಡಿಯಿಟ್ಟಿರುವ ಜ್ಞಾನದೇವ ಲ್ಯಾಪ್‌ಟಾಪನ್ನು ಬಿಚ್ಚಿ, ಪರದೆಯ ಬೆನ್ನಿನ ಮೇಲಿದ್ದ ನಂಬರು ಓದಿ, ಅದಕ್ಕೆ ಹೊಂದುವ ಒಂದು ಪುಟ್ಟ ಬೋರ್ಡು ತರಿಸಿಕೊಟ್ಟ. ಒಂದು ಬದಿಗೆ ಕರೆಂಟು, ಇನ್ನೊಂದು ಬದಿಗೆ ಕಂಪ್ಯೂಟರಿನ ವಾಯರು. ಅಷ್ಟೇ!

“ಸರ, ಪರದೆ ಮಾತ್ರ ಹಪ್ಪಳ ಹಿಡದಂಗ ಹಿಡೀರಿ. ಬಾಕಿ ಕಾಯ್ ಟೆನ್ಶನ್ ನಾಹೀ, ಚಿಂತಿ ಬಿಡ್ರಿ. ಚೌಕಟ್ ಅಷ್ಟ ನಿಮ್ಮ ಕೆಲಸ.”

ಆ ‘ಅಷ್ಟೇ’ ಎಂಬ ಕೆಲಸ ನನ್ನನ್ನು ಒಂದು ವಾರ ಕಾಡಿತು. ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾಡಿದ ಚೌಕಟ್ಟು ಮಧ್ಯಾಹ್ನದ ಹೊತ್ತಿಗೆ ಮುಂದಕ್ಕೆ ಬಾಗಿ ನನಗೆ ನಮಸ್ಕರಿಸಿತು. ಅಡುಗೆಮನೆಯ ತಾಟು ಗುಂಡಗಿತ್ತು. ಆಗ ನನ್ನ ಕಣ್ಣು ಗೋಡೆಯ ಮೇಲೆ ಬಿತ್ತು. ಮಾವನವರು ಹಳೆಯ ಚಕ್ಕಡಿಯ ಸಾಗವಾನಿ ಹಲಗೆಯಿಂದ ತಮ್ಮ ಕೈಯಾರೆ ಮಾಡಿ, ಕೊನೆಗೆ ತಾವೇ ಹೋಗಿ ಕುಳಿತ ಚೌಕಟ್ಟು! ಅಳತೆಪಟ್ಟಿ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಮಾವನವರು ನನಗಾಗಿಯೇ ಅಳತೆ ಹಿಡಿದು ಹೋಗಿದ್ದರು!

ಅತ್ತೆಯವರು ತಮ್ಮ ನಾದಿನಿ ತಾರಾಬಾಯಿಯ ಮನೆಗೆಂದು ರಾಯಬಾಗಕ್ಕೆ ಹೋಗಿದ್ದರು. ಕೆಲವೇ ದಿನಗಳ ಮಟ್ಟಿಗೆ ಪ್ರಯೋಗಾರ್ಥವಾಗಿ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಫೋಟೋ ತೆಗೆದು ಶಬ್ದಕೋಶದೊಳಗಿಟ್ಟು, ಪರದೆಯನ್ನು ಚೌಕಟ್ಟಿಗೆ ಕೂಡಿಸಿ, ಎಂದೂ ಅಲುಗಾಡಬಾರದೆಂದು ಸುತ್ತಲೂ ಗಟ್ಟಿ ಅಂಟು ಸುರಿದೆ. ಮಾನಿಟರ್ ಬೆಳಗಿತು! ನಾನೂ ಬೆಳಗಿದೆ!

ಮೂರನೆಯ ದಿನ ಬರಿಯ ಮೊಳೆಯನ್ನು ನೋಡುತ್ತ ಮನೀಷಾ ಮೊರ ಹಿಡಿದು ನಿಂತಿದ್ದಳು.

“ನಮ್ಮಪ್ಪ ಎಲ್ಲಿ?”

“ಶಬ್ದಕೋಶದಾಗ ಅದಾರ. ‘ಮ’ಕಾರದಾಗ. ಸುರಕ್ಷಿತ ಅದಾರ.”

“ಮತ್ತ ನಮ್ಮಪ್ಪನ ಚೌಕಟ್ಟಿನ್ಯಾಗ?”

“ಮಲಕಾರಿ ಅಜ್ಜನ ಟಗರು.”

ಆಕೆ ಮೊರವನ್ನು ಕೆಳಗಿಟ್ಟ ರೀತಿಯಿಂದಲೇ ಪರಿಸ್ಥಿತಿಯ ಗಾಂಭೀರ್ಯ ನನಗೆ ತಿಳಿಯಿತು.

“ನಾಡಿದ್ದ ಅಪ್ಪನ ಪುಣ್ಯತಿಥಿ ಐತಿ, ನೆನಪೈತೇನ್ರಿ ನಿಮಗ? ಅವ್ವ ಬರ್ತಾಳ, ತಾರಾ ಅತ್ತಿ ಬರ್ತಾಳ, ಗಂಗಾರಾಮ ಕಾಕಾ ಬರ್ತಾನ. ನಮ್ಮವ್ವಗ ಇರೋದ ಅದೊಂದ ಫೋಟೋ. ದಿನಾ ಅದರ ಮಾರಿ ನೋಡೇ ಆಕಿ ಚಾ ಕುಡಿಯೋದು. ನೀವ ಅದನ್ನ ಕಿತ್ತ ಟೀವಿ ಮಾಡೀರಿ ಅಂತ ಗೊತ್ತಾದ್ರ ಆಕಿ ಈ ಜನ್ಮದಾಗ ನಿಮ್ಮ ಕೈಯಾಗಿನ ನೀರ ಮುಟ್ಟಾಂಗಿಲ್ಲ!”

“ಟೀವಿ ಅಲ್ಲ, ಮಾನಿಟರ್.”

“ಕೀಳ್ರಿ ಅದನ್ನ!”

ಕೀಳಲು ಹೋದೆ. ಅಂಟು ತನ್ನ ಮಾತಿಗೆ ತಪ್ಪಲಿಲ್ಲ. ಇನ್ನಷ್ಟು ಜಗ್ಗಿದರೆ ಪರದೆ ಒಡೆಯುವುದಿರಲಿ, ಮಾವನವರ ಸಾಗವಾನಿಯೇ ಸೀಳುವ ಲಕ್ಷಣ ಕಂಡಿತು. ಹೊಸ ಚೌಕಟ್ಟು ತಂದರೆ ಅತ್ತೆಯವರು ಬಾಗಿಲಲ್ಲೇ ಗುರುತಿಸುತ್ತಾರೆ. ಹೀಗೆ ಎಲ್ಲ ದಾರಿಗಳೂ ಮುಚ್ಚಿದಾಗ ನನ್ನ ಬುದ್ಧಿಯು ದೀಪದಂತೆ ಹೊತ್ತಿಕೊಂಡಿತು. ಚೌಕಟ್ಟಿನಲ್ಲಿ ಪರದೆಯಿದ್ದರೇನಂತೆ? ಪರದೆಯಲ್ಲಿ ಮಾವನವರಿದ್ದರಾಯಿತು!

ಫೋಟೋದ ಪ್ರತಿ ತೆಗೆದು ಪರದೆಗೆ ಬಿಟ್ಟೆ. ಮೊದಲ ಸಲ ಮಾವನವರು ಅಡ್ಡ ಮಲಗಿಕೊಂಡು ಕಾಣಿಸಿದರು. ಎರಡನೆಯ ಸಲ ತಲೆಕೆಳಗಾದರು. ಮೂರನೆಯ ಸಲ ನೆಟ್ಟಗೆ ಕುಳಿತರು. ಮನೀಷಾ ಬಹಳ ಹೊತ್ತು ನೋಡಿದಳು. “ಅಪ್ಪ ಜೀವಂತ ಇದ್ದಾಗೂ ಇಷ್ಟ ಬೆಳ್ಳಗ ಇದ್ದಿಲ್ಲ” ಎಂದು ಮಾತ್ರ ಹೇಳಿ ಒಳಗೆ ಹೋದಳು.

ಪುಣ್ಯತಿಥಿಯ ದಿನ ಚೌಕಟ್ಟನ್ನು ಗೋಡೆಗಾನಿಸಿ ಮಣೆಯ ಮೇಲಿಟ್ಟೆ. ವಾಯರುಗಳನ್ನು ಚೆಂಡುಹೂವಿನ ಹಾರಗಳಡಿ ಮುಚ್ಚಿದೆ. ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿ ಬಚ್ಚಿಟ್ಟೆ. ಗೋಡೆಯ ಬುಡದಲ್ಲಿದ್ದ ಪ್ಲಗ್ಗು ಮಾತ್ರ ಎಲ್ಲರಿಗೂ ಕಾಣುವಂತಿತ್ತು. ಅದಕ್ಕೊಂದು ಉಪಾಯ ಹೂಡಿ, “ಅತ್ತಿಯವರ, ನಿಮ್ಮ ಮೊಣಕಾಲ ನೋವೈತಿ, ಇಲ್ಲಿ ಗ್ವಾಡಿಗಿ ಆತು ಕೂಡ್ರಿ” ಎಂದು ಅತ್ತೆಯವರನ್ನೇ ಅದರ ಮುಂದೆ ಕೂಡಿಸಿದೆ. ನನ್ನ ವಿನಯವನ್ನು ಕಂಡು ನಾನೇ ಮೆಚ್ಚಿಕೊಂಡೆ.

ಮಾವನವರ ಕಿರಿಯ ತಮ್ಮ ಗಂಗಾರಾಮ ಕಾಕಾ ಒಳಗೆ ಬಂದವನೇ ನಿಂತುಬಿಟ್ಟ.

“ಅಲೆಲೆಲೇ! ನಮ್ಮಣ್ಣನ ಮಾರಿಮ್ಯಾಲ ಏನ್ ಕಳಾ ಬಂದೈತಿ!”

“ಲ್ಯಾಮಿನೇಶನ್ ಮಾಡ್ಸೀನ್ರಿ ಕಾಕಾ” ಎಂದೆ.

“ಸ್ವರ್ಗದಾಗ ಚೊಲೊ ಊಟ ಸಿಗತೈತಿ ಕಾಣತೈತಿ” ಎಂದು ತಾರಾಬಾಯಿ ಕಣ್ಣೊರೆಸಿಕೊಂಡಳು. “ನಮ್ಮ ಕೈಯಾಗ ಇದ್ದಾಗ ಬಾಡಿ ಹೋಗಿದ್ದ.”

ಅತ್ತೆಯವರು ಬಾಗಿ ಗಂಡನ ಹಣೆಗೆ ಕುಂಕುಮ ಹಚ್ಚಿದರು. ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಮತ್ತೆ ಗೋಡೆಗೆ ಆತುಕೊಂಡು ಕುಳಿತರು.

ಮಾಳಿಗೆಯ ಮೇಲೆ ಎಡೆಯಿಟ್ಟದ್ದೇ ತಡ, ಕಾಗೆ ಬಂದು ಹೋಳಿಗೆಯನ್ನೇ ಎತ್ತಿಕೊಂಡು ಹೋಯಿತು. ಎಲ್ಲರಿಗೂ ಸಮಾಧಾನವಾಯಿತು. ನಮ್ಮ ಕಡೆ ಕಾಗೆ ಎಡೆ ಮುಟ್ಟದಿದ್ದರೆ ಸತ್ತವರ ಆಸೆಯೇನೋ ಉಳಿದಿದೆ ಎಂದರ್ಥ. ಆಗ ಬಂಧುಗಳೆಲ್ಲ ಕೈಮುಗಿದು ನಿಂತು, ಒಂದೊಂದಾಗಿ ಮಾತು ಕೊಡುತ್ತ ಹೋಗಬೇಕು. ಸರಿಯಾದ ಮಾತು ಬಂದ ಕೂಡಲೇ ಕಾಗೆ ಇಳಿಯುತ್ತದೆ. ಈ ಸಲ ಅದೊಂದು ತಾಪತ್ರಯ ತಪ್ಪಿತೆಂದು ನಾವೆಲ್ಲ ಆರತಿಗೆ ಕೆಳಗಿಳಿದು ಬಂದಾಗ, ಮೊಣಕಾಲು ನೋವಿನ ಅತ್ತೆಯವರು ಗೋಡೆಗೆ ಆತು ಕುಳಿತಲ್ಲೇ ಇದ್ದರು. ಆರತಿ ತಟ್ಟೆ ಮೇಲೆದ್ದಿತು. ಪಟ್ಟನೆ ಮಾವನವರು ಮಾಯವಾದರು!

ಚೌಕಟ್ಟಿನಲ್ಲಿ ಬರೀ ಕತ್ತಲೆ. ಕತ್ತಲೆಯ ಹಣೆಯ ಮೇಲೆ ಒಂದು ಕುಂಕುಮದ ಬೊಟ್ಟು.

ತಾರಾಬಾಯಿಯ ಕೈಯಲ್ಲಿದ್ದ ಗಂಟೆ ಅರ್ಧಕ್ಕೇ ನಿಂತಿತು. ಗಂಗಾರಾಮ ಕಾಕಾ ಧಡಕ್ಕನೆ ಮೊಣಕಾಲೂರಿದ.

“ಅಣ್ಣ ಮಾರಿ ತಿರುವ್ಯಾನ! ಕಾಗಿ ಮುಟ್ಟಿದ್ರೂ ಇವಂಗ ತೃಪ್ತಿ ಆಗಿಲ್ಲ. ಏನೋ ಆಸೆ ಉಳದೈತಿ!”

ಇದು ಸಡಿಲವಾದ ವಾಯರು ಎಂದು ಬಲ್ಲವನು ಆ ಮನೆಯಲ್ಲಿ, ಮನೀಷಾಳನ್ನು ಬಿಟ್ಟರೆ, ನಾನೊಬ್ಬನೇ. ಸಾಷ್ಟಾಂಗ ನಮಸ್ಕಾರದ ನೆಪದಲ್ಲಿ ಉದ್ದಕ್ಕೆ ಮಲಗಿ, ಹೂವಿನಡಿ ಕೈಹಾಕಿ ವಾಯರನ್ನು ಹಿಂಡಿದೆ. ಫಲವಿಲ್ಲ. ಅಷ್ಟರಲ್ಲಿ ಮಾತು ಕೊಡುವ ಕಾರ್ಯ ಆರಂಭವಾಗಿಹೋಗಿತ್ತು.

“ಅಣ್ಣಾ, ನಿನ್ನ ಔಷಧ ಹೊಡಿಯೋ ಪಂಪ್ ಕಳುವಾತು ಅಂತ ನೀ ಊರೆಲ್ಲಾ ಹುಡುಕಿದಿ. ಅದು ನನ್ನ ಹೊಲದಾಗಿನ ಗುಡಸಲದಾಗ ಐತಪಾ! ನಾಳೆ ತಂದ ಕೊಡ್ತೀನಿ!” ಎಂದ ಗಂಗಾರಾಮ ಕಾಕಾ.

ಕತ್ತಲೆ ಕದಲಲಿಲ್ಲ.

“ನಿನಗ ಸಕ್ಕರಿ ಬ್ಯಾನಿ ಅಂತ ಬೆಲ್ಲ ಇಲ್ಲದ ಹೋಳಿಗಿ ಮಾಡಿ, ಬೆಲ್ಲ ಹಾಕೀನಿ ಅಂತ ಸುಳ್ಳ ಹೇಳಿದೆ ಅಣ್ಣಾ!” ಎಂದು ತಾರಾಬಾಯಿ ಗೊಳೋ ಎಂದಳು.

ಕತ್ತಲೆ. ಹದಿನೈದು ವರ್ಷ ಊರೂರು ಅಲೆದರೂ ಇಷ್ಟು ಶುದ್ಧವಾದ ಹೇಳಿಕೆಗಳು ನನಗೆ ದೊರೆತಿರಲಿಲ್ಲ! ಆದರೆ ಧ್ವನಿಮುದ್ರಣ ಯಂತ್ರ ಪಕ್ಕದ ಕೋಣೆಯಲ್ಲಿತ್ತು, ನಾನು ಬೋರಲಾಗಿ ಮಲಗಿದ್ದೆ.

“ಕಡೀತನಕ ಅವರ ಬಾಯಾಗ ತ್ವಾಟದ ಮಾತ ಇತ್ತ” ಎಂದರು ಅತ್ತೆಯವರು, ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ.

ಗಂಗಾರಾಮ ಕಾಕಾ ತಟ್ಟನೆ ತಲೆಯೆತ್ತಿದ. “ಹೌದಲ್ಲ! ಬಳ್ಳಿ ಕತ್ತರಸೋ ಚಾಟ್ನಿ ಹೊತ್ತ ಬಂತು. ಅಕ್ಕವ್ವ ವೈನಿ ಈ ಕಾಲ ತಗೊಂಡ ಎಷ್ಟಂತ ಬಳ್ಳಿ ಬುಡಕ ನಿಲ್ಲಬೇಕ? ಅಣ್ಣಾ, ಅಳ್ಯಾರ ಈ ವರ್ಷ ತಾವ ಕತ್ರಿ ಹಿಡೀತಾರ!”

ಝಗ್ಗನೆ ಬೆಳಕು! ಒಂದೆರಡು ಕ್ಷಣ ಮಿಣುಕಿ ಮಾವನವರು ಪ್ರತ್ಯಕ್ಷರಾದರು. ಮೊದಲಿಗಿಂತ ತುಸು ಹೆಚ್ಚೇ ಪ್ರಸನ್ನರಾಗಿದ್ದರು. ಎಲ್ಲರೂ ನನ್ನ ಕಡೆಗೆ ತಿರುಗಿದರು.

“ಮಾತ ಕೊಡ್ರಿ ಪಾವ್ಣೇರ!”

“ಕೊಡ್ತೀನ್ರಿ. ಹಿಡೀತೀನಿ. ಐತವಾರಕ್ಕೊಮ್ಮಿ...”

ಮಾವನವರು ಮಾಯ!

“ಏ, ವಾರಕ್ಕ ಎರಡ ಸಲ!” ಎಂದೆ ಗಾಬರಿಯಿಂದ. ಕತ್ತಲೆ. “ದಿನಾ! ದಿನಾಲೂ ಹೊಕ್ಕೀನಿ!” ಮಿಣುಕು, ಬೆಳಕು, ಮಾವನವರು. “ಮುಂಜಾನೆ ಒಂಬತ್ತಕ್ಕ...” ಮತ್ತೆ ಕತ್ತಲೆ. “ಆರಕ್ಕ! ಆರಕ್ಕ!” ಕತ್ತಲೆಯೇ. “ಐದಕ್ಕರೀ ಮಾವಾರ, ಐದಕ್ಕ!”

ಬೆಳಕು.

ಆ ಕೋಣೆಯಲ್ಲಿ ವಿದ್ಯುಚ್ಛಕ್ತಿಯ ನಿಯಮಗಳನ್ನು ನಂಬಿದ ಏಕೈಕ ವ್ಯಕ್ತಿ ನಾನಾಗಿದ್ದೆ. ಮೊದಲು ಬೆವತವನೂ ನಾನೇ! ಸತ್ಯ ಹೇಳಿಬಿಡೋಣವೆಂದರೆ ಅತ್ತೆಯವರ ಏಕೈಕ ಫೋಟೋವನ್ನು ಕಿತ್ತವನು ನಾನೆಂಬುದೂ ಹೊರಬೀಳುತ್ತದೆ. ಮನೀಷಾ ಬಾಗಿಲ ಬಳಿ ನಿಂತು ತುಟಿಯ ಮೇಲೆ ಬೆರಳಿಟ್ಟಳು. ಕಣ್ಣುಮುಚ್ಚಿ, ಸತ್ತೆಪ್ಪನವರ ಬೆಳಗುವ ಮುಖದ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಮರುದಿನ ಬೆಳಗಿನ ಐದಕ್ಕೆ ನಾನು ತೋಟದಲ್ಲಿದ್ದೆ. ಚಾಟ್ನಿಯೆಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಲೆಕ್ಕ ಹಿಡಿದು ಕತ್ತರಿಸುವುದು. ಕಡ್ಡಿಯ ಮೇಲೆ ಮೊಳಕೆಯೊಡೆಯುವ ಜಾಗಕ್ಕೆ ಕಣ್ಣು ಎನ್ನುತ್ತಾರೆ. ಎಷ್ಟು ಕಣ್ಣು ಬಿಡಬೇಕು, ಎಲ್ಲಿ ಕತ್ತರಿ ಇಡಬೇಕು ಎಂಬುದನ್ನು ಅತ್ತೆಯವರು ಬಳ್ಳಿಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೇಳುತ್ತಿದ್ದರು. ನಾನು ತಲೆಯ ಮೇಲೆ ಕೈಯೆತ್ತಿ, ಶರಣಾದ ಸೈನಿಕನಂತೆ ಸಾಲಿನಿಂದ ಸಾಲಿಗೆ ಸರಿಯುತ್ತಿದ್ದೆ. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಬಂದವು. ನಾಲ್ಕನೆಯ ದಿನ ಒಡೆದವು. ಆರನೆಯ ದಿನ ಊಟದ ತುತ್ತೂ ಬಾಯಿಯ ಎತ್ತರಕ್ಕೆ ಏರಲೊಲ್ಲದಾಯಿತು. ಮಲಕಾರಿ ಅಜ್ಜನ ಟಗರು ಎಲ್ಲಿ ತಪ್ಪಿಸಿಕೊಂಡಿತ್ತೋ ಅಲ್ಲೇ ಉಳಿಯಿತು.

ಒಂಬತ್ತನೆಯ ದಿನ ಸಹನೆ ಮುರಿದುಬಿತ್ತು. ಅತ್ತೆಯವರು ನನ್ನ ಕೈಯ ನೀರು ಮುಟ್ಟದಿದ್ದರೂ ಸರಿ, ಸತ್ಯವನ್ನು ಹೇಳಿಯೇಬಿಡುವುದೆಂದು ಶಬ್ದಕೋಶದಿಂದ ಫೋಟೋ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋಗಿ, ಕುರ್ಚಿಯ ಮುಂದೆ ನಿಂತೆ.

“ಅತ್ತಿಯವರ, ನನ್ನಿಂದ ಒಂದ ದೊಡ್ಡ ತಪ್ಪ ಆಗೇತ್ರಿ. ಮಾವಾರ ಇಲ್ಲಿ ಅದಾರ. ಚೌಕಟ್ಟಿನ್ಯಾಗ ಇರೋದ ಹಳೇ ಲ್ಯಾಪ್‌ಟಾಪಿನ ಪರದೆ.”

ಅತ್ತೆಯವರು ಫೋಟೋ ಇಸಿದುಕೊಂಡು, ಸೆರಗಿನಿಂದ ಒರೆಸಿ, ಮುಖಕ್ಕೆ ಹತ್ತಿರ ಹಿಡಿದು ನೋಡಿದರು.

“ಗೊತ್ತೈತ್ರಿ.”

“ಗೊತ್ತೈತೇನ್ರಿ?”

“ಕುಂಕುಮ ಹಚ್ಚಿದಾಗ ಮಾರಿ ಬೆಚ್ಚಗ ಹತ್ತಿತು. ಇವರ ಮಾರಿ ಎಂದ ಬೆಚ್ಚಗ ಇತ್ತ್ರಿ!” ಎಂದರು ಅತ್ತೆಯವರು. “ಶಿಟ್ಟ ಬಂತ ಬಿಡ್ರಿ ನನಗ. ಆರತಿ ಹೊತ್ತಿಗೆ ಎದ್ದ ಬೈಯಬೇಕ ಅನ್ನೂದ್ರಾಗ ಬೆನ್ನ ಹಿಂದಿನ ಪ್ಲಗ್ಗಿನ ಬಟನ್ ಒತ್ತಿ ಇವರ ಆರಿ ಹ್ವಾದ್ರು. ಮೊದಲನೇ ಸಲ ಅದ ತಾನ ಒತ್ತಿತು. ಆಮ್ಯಾಲಿಂದೆಲ್ಲಾ ನಾ ಒತ್ತಿದ್ದ.”

ನನ್ನ ಕೈಯಿಂದ ಕತ್ತರಿ ಜಾರಿತು.

“ಅಂದ್ರ... ನಾನ ಚಾಟ್ನಿ ಮಾಡಬೇಕನ್ನೋದು ಮಾವಾರ ಕಡೀ ಆಸೆ ಅಲ್ಲೇನ್ರಿ?”

“ಅವರಿಗೇನ್ ಆಸೆ ಇತ್ತೋ ಯಾರಿಗ್ ಗೊತ್ರಿ! ಸತ್ತೆಪ್ಪ ಹಿಂಗಂದ, ಸತ್ತೆಪ್ಪ ಹಂಗಂದ ಅಂತ ಮೂವತ್ತೆಂಟ ವರ್ಷ ಊರಾಗ ಎಲ್ಲಾರೂ ಕೇಳಿದ್ರು. ಆ ಮನಿಷ್ಯಾ ಬಾಯಿ ತಗದದ್ದ ಉಣ್ಣಾಕಷ್ಟ. ‘ನಮ್ಮವರ ಹಿಂಗ ಅಂತಾರ’ ಅಂತ ನಾ ಹೊರಗ ಹೇಳ್ತಿದ್ದೆ, ಮಂದಿ ಹೂಂ ಅಂತಿದ್ರು. ನಾಕ ವರ್ಷ ಆತ, ನಾ ನನ್ನ ಬಾಯಿಲೆ ತ್ವಾಟಕ್ಕ ಬರ್ರಿ ಅಂದ್ರ ನೀವ ಒಂದ ದಿನರ ಬಂದೀರೇನು?”

ಮಾತಿನ ಮೂಲ ಯಾರೆಂದು ಪತ್ತೆಹಚ್ಚುವುದನ್ನೇ ಕಸುಬಾಗಿಸಿಕೊಂಡ ನಾನು, ಬಳ್ಳಿಯ ಕೆಳಗೆ ಬಾಯಿ ತೆರೆದುಕೊಂಡು ನಿಂತೆ. ಅತ್ತೆಯವರು ಫೋಟೋವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಿದ್ದ ಕತ್ತರಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು.

“ಇನ್ನೂ ನಾಕ ಸಾಲ ಅದಾವ ಅಳ್ಯಾರ. ಹೊತ್ತ ಮುಳಗೂದ್ರಾಗ ಮುಗಸಬೇಕಂತ. ಇದು ನನ್ನ ಮಾತಲ್ಲ ಮತ್ತ, ನಿಮ್ಮ ಮಾವಾರ ಮಾತ!”