ಸರ್ಕಾರ ಕೇಳಿದ್ದು, ಊರು ಹೇಳದ್ದು

ಸರ್ಕಾರಕ್ಕೆ ಎಲ್ಲವೂ ಗೊತ್ತಾಗಬೇಕು. ನಮ್ಮ ಕಡೆಯ ಜನವೋ ಕೇಳಿದ್ದನ್ನೆಲ್ಲ ಹೇಳುವವರಲ್ಲ. ಇವೆರಡರ ನಡುವೆ ಸಿಕ್ಕಿಕೊಳ್ಳುವವರು ಯಾವಾಗಲೂ ಸ್ಕೂಲು ಮೇಷ್ಟರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರ ಮೂರೂ ತಾಲ್ಲೂಕಿನಲ್ಲಿ ಪಾಠ ಹೇಳಿದ ನನಗೆ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಆಗ ಬೆವರಿದ್ದೆ. ಈಗ ಹೇಳುವಾಗ ಎದೆ ಉಬ್ಬುತ್ತದೆ.

ಅಜ್ಜಿಯ ಖಾನೇಷುಮಾರಿ

ಮನೆಮನೆಗೆ ಹೋಗಿ ಜನರ ಲೆಕ್ಕ ಬರೆಯುವ ಖಾನೇಷುಮಾರಿ ಬಂದಾಗ ನಾನು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಶಾಲೆಯಲ್ಲಿದ್ದೆ. ಕೋಟೆಯ ಪಕ್ಕದ ಬೀದಿ ನನ್ನ ಪಾಲಿಗೆ ಬಿತ್ತು. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

"ಮನೇಲಿ ಎಷ್ಟು ಜನ ಅಜ್ಜಿ?"

"ನಿಮ್ಮನೇಲಿ ಎಷ್ಟು ಜನ?"

"ಅಮ್ಮ, ಇಬ್ಬರು ತಂಗಿಯರು, ನಾನು."

"ಮದುವೆ ಆಗಿದ್ಯಾ?"

"ಇಲ್ಲ."

"ಎಂತಕ್ಕೆ?"

ನಾನು ಪೆನ್ಸಿಲ್ ಚೂಪು ಮಾಡತೊಡಗಿದೆ.

"ಓದು?"

"ಲೋವರ್ ಸೆಕೆಂಡರಿ."

"ಒಂದೇ ಸಲಕ್ಕೆ ಪಾಸಾ?"

ಸರ್ಕಾರದ ಕಾಗದ ಕೈಯಲ್ಲಿ ಹಿಡಿದುಕೊಂಡು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮೂರನೇ ಸಲಕ್ಕೆ" ಅಂದೆ.

ಅಜ್ಜಿ ಕೈ ಒರೆಸಿಕೊಂಡು ನೆಟ್ಟಗೆ ಕೂತರು. "ಈಗ ಸರಿ ಆಯ್ತು. ನಾ ಕೇಳ್ದೆ, ನೀ ಹೇಳ್ದೆ. ಇನ್ನು ನೀ ಕೇಳು, ನಾ ಹೇಳ್ತೀನಿ. ಗುರುತು ಪರಿಚಯ ಇಲ್ದೆ ಬಂದು ಮನೆ ವಿಷಯ ಕೇಳಿದ್ರೆ ಯಾರು ಹೇಳ್ತಾರೆ ಮಾರಾಯ?"

ಹನ್ನೊಂದು ಜನರ ವಿವರವನ್ನು ಒಂದೂ ತಪ್ಪದಂತೆ ಬರೆಸಿದರು. ನಾನೂ ಗೌರವದಿಂದ, "ಇದೆಲ್ಲ ಗುಟ್ಟಾಗಿರ್ತದೆ ಅಜ್ಜಿ, ಸರ್ಕಾರ ಯಾರಿಗೂ ಹೇಳೋದಿಲ್ಲ" ಅಂತ ಮಾತು ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ಬೆಲ್ಲ ತರಲು ಹೋದರೆ ಅಂಗಡಿಯವನು ತಕ್ಕಡಿ ಹಿಡಿದೇ ನಕ್ಕ. "ಏನ್ ಮೇಷ್ಟ್ರೇ, ಮೂರನೇ ಸಲಕ್ಕಂತೆ?"

ಗುಟ್ಟು ಕಾಪಾಡುವ ಮಾತು ಕೊಟ್ಟಿದ್ದು ಸರ್ಕಾರ, ಅಜ್ಜಿ ಕೊಟ್ಟಿರಲಿಲ್ಲ.

ಚರಕದ ಪಟ್ಟಿ

ಅಲ್ಲಿಂದ ತೀರ್ಥಹಳ್ಳಿಗೆ ವರ್ಗವಾಯಿತು. ಸ್ವಾತಂತ್ರ್ಯ ಚಳವಳಿಯ ಬಿಸಿ ಏರಿದ್ದ ಕಾಲ. ಒಂದು ದಿನ ತಾಲ್ಲೂಕಿನ ಆಡಳಿತ ನಡೆಸುವ ಅಮಲ್ದಾರರಿಂದ ಹುಕುಂ ಬಂತು: ಯಾವ ಯಾವ ಮಕ್ಕಳ ಮನೆಯಲ್ಲಿ ಚರಕ ತಿರುಗುತ್ತದೆ, ಮಕ್ಕಳನ್ನೇ ಕೇಳಿ ಪಟ್ಟಿ ಮಾಡಿ ಕಳಿಸಬೇಕು.

ನಮ್ಮ ಹೆಡ್‌ಮೇಷ್ಟರು ಬಹಳ ಸಾಧು. ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡಿದವರಲ್ಲ. ಅವತ್ತು ಕಾಗದ ಮಡಚುತ್ತ ನನಗೆ ಹೇಳಿದರು, "ಮನೆ ಒಳಗಿನ ಸುದ್ದಿ ಮಕ್ಕಳ ಬಾಯಿಂದ ಹೊರಡಿಸೋದು ಮೇಷ್ಟರ ಕೆಲಸ ಅಲ್ಲ. ಆದ್ರೆ ಹುಕುಂ ಬಂದಿದೆಯಲ್ಲ. ಹುಕುಂ ಮಾಡಿದವರ ಮನೆಯಿಂದಲೇ ಶುರು ಮಾಡೋಣ."

ಅಮಲ್ದಾರರ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಕರೆಸಿದರು.

"ನಿಮ್ಮನೇಲಿ ಚರಕ ಇದೆಯೇನಮ್ಮ?"

"ಎರಡಿದೆ ಸಾರ್. ಅಜ್ಜಿದೊಂದು, ಅಮ್ಮಂದೊಂದು. ಅಮ್ಮಂದು ಅಪ್ಪಂಗೆ ಗೊತ್ತಿಲ್ಲ."

ಹೆಡ್‌ಮೇಷ್ಟರು ಕೆಮ್ಮಿದರು. "ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಹೋಗಿ ಮಗ್ಗಿ ಬರಿ."

ಆಮೇಲೆ ಶಾಯಿ ಅದ್ದಿ ದುಂಡಗೆ ಬರೆದರು: "ತಮ್ಮ ಅಪ್ಪಣೆಯಂತೆ ಪಟ್ಟಿಯನ್ನು ತಮ್ಮ ಮನೆಯಿಂದಲೇ ಆರಂಭಿಸಿದ್ದೇನೆ. ಮುಂದುವರಿಸಲೇ?"

ಜವಾನ ಹೋದಷ್ಟೇ ಬೇಗ ಉತ್ತರ ತಂದ. ಸರ್ಕಾರದ ಕಾಗದದಲ್ಲಿ ಅಷ್ಟು ಚಿಕ್ಕ ಉತ್ತರ ನಾನು ಮತ್ತೆ ನೋಡಿಲ್ಲ. "ಬೇಡ."

ನಾನೂ ಸರ್ಕಾರವೇ

ಇದು ಸಾಗರದ್ದು. ನಮ್ಮ ಬೀದಿಯಲ್ಲಿ ಒಬ್ಬ ವಿಧವೆ ತಾಯಿ ಇದ್ದರು. ಒಬ್ಬನೇ ಮಗ, ಚಳವಳಿಗೆ ಸೇರಿ ಪೊಲೀಸರ ಕಣ್ಣು ತಪ್ಪಿಸಿಕೊಂಡು ಎಲ್ಲೋ ಇದ್ದ. ಆಗೊಂದು ಈಗೊಂದು ಕಾಗದ ಬರುತ್ತಿತ್ತು. ಅದೇ ಆ ತಾಯಿಯ ಜೀವ.

ನಾನು ಕಾರ್ಡು ಕೊಳ್ಳಲು ಪೋಸ್ಟಾಫೀಸಿಗೆ ಹೋಗಿದ್ದಾಗ ಪೊಲೀಸ್ ಇನ್ಸ್‌ಪೆಕ್ಟರು ಒಳಗೆ ಬಂದರು. ಪೋಸ್ಟ್‌ಮಾಸ್ಟರು ಕಡ್ಡಿಯಂಥ ಮನುಷ್ಯ. ಮುದ್ರೆ ಒತ್ತುವುದಕ್ಕೂ ಎದ್ದು ನಿಲ್ಲಬೇಕು.

"ಆ ಹೆಂಗಸಿಗೆ ಯಾವ ಊರಿಂದ ಕಾಗದ ಬರ್ತದೆ? ಊರಿನ ಹೆಸರೊಂದು ಹೇಳಿ, ಸಾಕು."

"ಮೇಲಿನವರ ಲಿಖಿತ ಅಪ್ಪಣೆ ತನ್ನಿ ಸ್ವಾಮಿ. ಅದಿಲ್ದೆ ಒಬ್ಬರ ಕಾಗದದ ಸುದ್ದಿ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ."

"ನಾನು ಇನ್ನೊಬ್ಬನೇನ್ರೀ? ನಾನು ಸರ್ಕಾರ!"

"ನಾನೂ ಸರ್ಕಾರವೇ" ಅಂದರು ಪೋಸ್ಟ್‌ಮಾಸ್ಟರು. ಎದ್ದು ನಿಂತು ಮುಂದಿನ ಕಾಗದಕ್ಕೆ ಮುದ್ರೆ ಒತ್ತಿದರು.

ಇನ್ಸ್‌ಪೆಕ್ಟರು ಮೇಜು ಗುದ್ದಿದರು. "ನಿಮ್ಮ ಕೆಲಸ ತೆಗೆಸ್ತೀನಿ!"

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. "ನಿಮಗೆ ಹೇಳಿದ್ರೆ ಎಲ್ಲರಿಗೂ ಹೇಳ್ಬೇಕಾಗ್ತದೆ. ಮೊನ್ನೆ ಇಲ್ಲಿನ ಅಮಲ್ದಾರರೂ ಇಲ್ಲೇ ನಿಂತು ಕೇಳಿದ್ರು, 'ಇನ್ಸ್‌ಪೆಕ್ಟರು ನನ್ನ ಮೇಲೆ ಶಿವಮೊಗ್ಗಕ್ಕೆ ದೂರು ಬರೀತಿದಾರಂತೆ, ಹೌದಾ' ಅಂತ."

ಇನ್ಸ್‌ಪೆಕ್ಟರ ಮುಖ ಸುಣ್ಣವಾಯಿತು. "ನೀವೇನು ಹೇಳಿದ್ರಿ?"

"ಈಗ ನಿಮಗೆ ಹೇಳಿದ್ನಲ್ಲ, ಅದನ್ನೇ."

ಇನ್ಸ್‌ಪೆಕ್ಟರು ಬೆಂಚಿನ ಮೇಲೆ ಕೂತರು. ನೀರು ಕೇಳಿ ಕುಡಿದರು. "ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ಕಾಯಿದೆ ಅಂದ್ರೆ ಹೀಗಿರ್ಬೇಕು" ಎನ್ನುತ್ತ ಹೊರಟುಹೋದರು. ಲಿಖಿತ ಅಪ್ಪಣೆ ಕೊನೆಗೂ ಬರಲಿಲ್ಲ. ಆ ತಾಯಿಗೆ ಕಾಗದಗಳು ಬರುತ್ತಲೇ ಇದ್ದವು, ಒಂದು ದಿನ ಮಗನೂ ಬಂದ.

ಅವತ್ತು ಇನ್ಸ್‌ಪೆಕ್ಟರು ಮರೆಯಾದ ಮೇಲೆ ನನಗೆ ತಡೆಯಲಾಗಲಿಲ್ಲ. ಕಿಟಕಿಗೆ ಬಾಗಿ ಮೆಲ್ಲಗೆ ಕೇಳಿದೆ, "ಸಾರ್, ಅಮಲ್ದಾರರು ನಿಜವಾಗ್ಲೂ ಬಂದು ಕೇಳಿದ್ರಾ?"

ಪೋಸ್ಟ್‌ಮಾಸ್ಟರು ನನ್ನ ಕಾರ್ಡುಗಳನ್ನು ಮುಂದೆ ತಳ್ಳಿದರು.

"ಲಿಖಿತ ಅಪ್ಪಣೆ ತಂದಿದೀರಾ ಮೇಷ್ಟ್ರೇ?"