ಅಮೆರಿಕದ ಕೋರ್ಟು, ನಮ್ಮ ಗೋರಿಕಲ್ಲು

ಗೋರಿಕಲ್ಲಿನ ಕಾರ್ಖಾನೆಯಲ್ಲಿ ನಗು ಎಲ್ಲಿಂದ ಬರಬೇಕು ಎಂದು ಜನ ಕೇಳುತ್ತಾರೆ. ಬರುತ್ತದೆ, ಕರೆಯದೆಯೇ ಬರುತ್ತದೆ. ಆ ಒಂದು ವರ್ಷವಂತೂ ವಾರಕ್ಕೆರಡು ಸಲ ಬಂತು. ನಾವು ನಗುವ ಸ್ಥಿತಿಯಲ್ಲಿರಲಿಲ್ಲ, ಅಷ್ಟೆ.

ಹೈದರಾಬಾದಿನ ಹೊರವಲಯದ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವವನು ನಾನು. ಕರಿಕಲ್ಲು ಕೊಯ್ದು, ಮುಖ ಕಾಣುವ ಹಾಗೆ ಪಾಲಿಶ್ ಮಾಡಿ, ಸತ್ತವರ ಹೆಸರು ಕೆತ್ತಿ ಅಮೆರಿಕಕ್ಕೆ ಕಳಿಸುತ್ತೇವೆ. ಅಲ್ಲಿಯವರು ಸತ್ತರೆ ಇಲ್ಲಿ ನಮ್ಮ ಒಲೆ ಉರಿಯುತ್ತದೆ. ಪಾಲಿಶ್ ಮಾಡುವವರು ಯಾದಗಿರಿ ಕಡೆಯ ಹದಿನೆಂಟು ಮಂದಿ, ಗಂಡಸರು ಹೆಂಗಸರು ಸೇರಿ. ಅವರನ್ನೆಲ್ಲ ತನ್ನ ಮಾತಿನ ಮೇಲೆ ಕರೆತಂದವನು ಅವರದೇ ಊರಿನ ಮೇಸ್ತ್ರಿ. ನಮ್ಮ ತಂದೆ ಕಲಬುರಗಿಯಿಂದ ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದವರು. ಹಾಗಾಗಿ ಕಾರ್ಖಾನೆಯ ಆಫೀಸಿನಲ್ಲಿ ಈ ಕೆಲಸಗಾರರ ಕನ್ನಡ ಬರುವವನು ನಾನೊಬ್ಬನೇ. ಇಂಗ್ಲಿಷ್ ಪೇಪರ್ ಪೂರ್ತಿ ಓದುವವನೂ ನಾನೊಬ್ಬನೇ. ಈ ಎರಡು ತಪ್ಪಿಗೆ, ಅಮೆರಿಕದ ಅಧ್ಯಕ್ಷ ಮಾಡಿದ್ದಕ್ಕೆಲ್ಲ ಉತ್ತರ ಕೊಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ತುರ್ತು ಪರಿಸ್ಥಿತಿ

ಅಮೆರಿಕದ ಒಂದು ಚರ್ಚಿನ ಹಳೆಯ ಸ್ಮಶಾನದಲ್ಲಿ ಕಲ್ಲುಗಳೆಲ್ಲ ಸವೆದು ಹೋಗಿದ್ದವು. ಚರ್ಚಿನ ಕಮಿಟಿ ನಲವತ್ತು ಹೊಸ ಕಲ್ಲಿಗೆ ಆರ್ಡರ್ ಕೊಟ್ಟಿತ್ತು. ಸಾಲಾಗಿ ನಿಲ್ಲಿಸುವುದರಿಂದ ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇರಬಾರದು ಎಂಬ ಷರತ್ತು. ಮೇಸ್ತ್ರಿ ಕ್ವಾರಿಗೆ ತಾನೇ ಹೋಗಿ ಒಂದು ದೊಡ್ಡ ಬಂಡೆ ಆರಿಸಿ ತಂದು, ನಲವತ್ತನ್ನೂ ಅದರಲ್ಲೇ ಕೊಯ್ಯಿಸಿದ. ಬಂಡೆ ಅಲ್ಲಿಗೆ ಮುಗಿಯಿತು. ಕಲ್ಲುಗಳು ತಯಾರಾಗಿ ಹೆಸರು ಕೆತ್ತಿಸಿಕೊಂಡು ಅಂಗಳದಲ್ಲಿ ನಿಂತವು. ಸರಿಯಾಗಿ ಆ ಹೊತ್ತಿಗೆ ಅಮೆರಿಕದ ಅಧ್ಯಕ್ಷ ನಮ್ಮ ದೇಶದ ಸಾಮಾನಿನ ಮೇಲೆ ಸುಂಕ ಏರಿಸಿಬಿಟ್ಟ. ಕಮಿಟಿಗೆಂದು ನಮ್ಮಿಂದ ಕೊಳ್ಳುವವನು, ಅಲ್ಲಿಯ ವ್ಯಾಪಾರಿ, "ತಡೆಯಿರಿ, ಇದು ಕೋರ್ಟಿನಲ್ಲಿದೆ, ನೋಡೋಣ" ಎಂದು ಬರೆದ. ಮಾಲೀಕರು ಎಲ್ಲರನ್ನೂ ನಿಲ್ಲಿಸಿಕೊಂಡು, "ಈ ನಲವತ್ತು ಕಲ್ಲು ಹಡಗು ಹತ್ತಿದರೆ ಪಾಲಿಶ್ ವಿಭಾಗ ಉಳಿಯುತ್ತದೆ. ಇಲ್ಲದಿದ್ದರೆ ಬೀಗ" ಎಂದರು.

ಮೇಸ್ತ್ರಿ ನನ್ನ ಮೇಜಿನ ಮುಂದೆ ಬಂದು ನಿಂತ. ನಾನು ತಿಳಿಸಿ ಹೇಳಿದೆ. ಅಲ್ಲಿ ಸುಂಕ ಹಾಕುವ ಅಧಿಕಾರ ಅವರ ಸಂಸತ್ತಿನದು. ಈತ ತುರ್ತು ಪರಿಸ್ಥಿತಿಯ ಕಾನೂನು ಒಂದನ್ನು ಹಿಡಿದು, ಯಾರನ್ನೂ ಕೇಳದೆ ತಾನೇ ಹಾಕಿದ್ದಾನೆ.

"ಮೀಟಿಂಗ್ ಕರೀದೆ ಪಂಚಾಯ್ತಿ ಚೇರ್ಮನ್ ತಾನ ಮನಿ ತೆರಿಗಿ ಏರಿಸಿದಂಗ ಆತಲ್ರಿ. ಅಂಥಾದ್ದು ಏನ್ ತುರ್ತು ಬಂದೈತ್ರಿ ಅವ್ರಿಗೆ?"

"ಹೊರಗಿನ ಸಾಮಾನು ಬಂದು ದೇಶಕ್ಕ ಅಪಾಯ ಆಗೇದಂತ, ಮೇಸ್ತ್ರಿ."

ಆತ ಕಿಟಕಿಯಿಂದ ಹೊರಗೆ, ಸಾಲಾಗಿ ನಿಂತ ಗೋರಿಕಲ್ಲುಗಳನ್ನು ನೋಡಿದ.

"ಸಾಹೇಬ್ರ, ಈ ಕಲ್ಲಿನ ಬುಡಕ ಮಲಗಿದಾವಂಗ ಇನ್ನೇನ್ ಅಪಾಯ ಆಗೂದೈತ್ರಿ?"

ಕೆಳಗಿನ ಕೋರ್ಟು

ಒಂದು ಬೆಳಗ್ಗೆ ಪೇಪರಿನಲ್ಲಿ ದೊಡ್ಡ ಸುದ್ದಿ. ಅಧ್ಯಕ್ಷನಿಗೆ ಹೀಗೆ ಸುಂಕ ಹಾಕುವ ಅಧಿಕಾರವಿಲ್ಲ ಎಂದು ಅಲ್ಲಿಯ ಕೋರ್ಟು ಹೇಳಿತ್ತು. ನಾನು ಕೂಗಿಕೊಂಡೇ ಓದಿದೆ. ಮಾಲೀಕರು ಡಬ್ಬಿಗಟ್ಟಲೆ ಜಿಲೇಬಿ ತರಿಸಿದರು. ಎಲ್ಲರೂ ಕೈ ಹಾಕಿದರು, ಮೇಸ್ತ್ರಿ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದ.

ಆತನ ಮನೆಯ ಹೊಲದ ಪಾಲಿನ ವ್ಯಾಜ್ಯ ಅಜ್ಜನ ಕಾಲದಿಂದ ನಡೆಯುತ್ತಿದೆ. ಎರಡು ತಲೆಮಾರು ಅದರಲ್ಲೇ ಸವೆದಿವೆ. ಆದ್ದರಿಂದ ಕಾನೂನಿನ ವಿಷಯದಲ್ಲಿ ಆತನ ಓದು ನನ್ನದಕ್ಕಿಂತ ಹೆಚ್ಚು.

"ಸ್ಟೇ ಐತೇನ್ ನೋಡ್ರಿ" ಎಂದ.

"ಗೆದ್ದೀವಿ ಅಂತ ಬರದಾರಲ್ಲ!"

"ಅದು ಮ್ಯಾಲ ಬರದಿರ್ತಾರ್ರಿ. ಕೆಳಗ ನೋಡ್ರಿ, ಸಣ್ಣ ಅಕ್ಷರದಾಗ ಇರ್ತೈತಿ."

ನೋಡಿದೆ. ಇತ್ತು. ಸುಂಕ ತಪ್ಪು, ಆದರೆ ಮೇಲಿನ ಕೋರ್ಟು ತೀರ್ಮಾನ ಮಾಡುವ ತನಕ ವಸೂಲಿ ನಡೆಯಲಿ ಎಂದು ಸುದ್ದಿಯ ಕೊನೆಯ ಸಾಲಿನಲ್ಲಿತ್ತು. ನನ್ನ ಬಾಯಲ್ಲಿದ್ದ ಜಿಲೇಬಿ ಕಹಿಯಾಯಿತು. ಅಮೆರಿಕ ಅಂದರೆ ಏನೋ ಎತ್ತರದ ಜಾಗ ಎಂದುಕೊಂಡಿದ್ದೆ. ಅಲ್ಲಿಯೂ ನಮ್ಮ ತಾಲೂಕು ಕಚೇರಿಯ ಹವೆಯೇ ಎಂದು ತಿಳಿದು ನಿಜವಾಗಿಯೂ ಬೇಸರವಾಯಿತು.

ಮೇಸ್ತ್ರಿ ನನಗೆ ಸಮಾಧಾನ ಹೇಳಿದ: "ಕೆಳಗಿನ ಕೋರ್ಟಿನ ತೀರ್ಪು ಅಂದ್ರ ಹೆಣ್ಣು ನೋಡಿ ಬಂದಂಗ್ರಿ ಸಾಹೇಬ್ರ. ಉಪ್ಪಿಟ್ಟು ತಿಂದು ಬರೂದು. ಲಗ್ನ ಆತು ಅಂತ ಚಪ್ಪರ ಹಾಕ್ತಾರೇನ್ರಿ?"

ಮಾಲೀಕರು ಉಳಿದ ಜಿಲೇಬಿಯನ್ನು ಅಂಗಡಿಗೆ ವಾಪಸ್ ಕಳಿಸಿದರು.

ನಲವತ್ತು ಎಲೆ

ಅಲ್ಲಿಂದ ಕೆಲಸ ಅರ್ಧ ದಿನಕ್ಕೆ ಇಳಿಯಿತು. ಅರ್ಧ ದಿನದ ಕೆಲಸವೆಂದರೆ ಅರ್ಧ ಹೊಟ್ಟೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಮಧ್ಯಾಹ್ನ ಅಂಗಳಕ್ಕೆ ಹೋದವನು ಅಲ್ಲೇ ನಿಂತುಬಿಟ್ಟೆ. ನಲವತ್ತು ಗೋರಿಕಲ್ಲಿಗೂ ಕುಂಕುಮ. ಪ್ರತಿಯೊಂದರ ಮುಂದೆ ಒಂದೊಂದು ಮುತ್ತುಗದ ಎಲೆ. ಎಲೆಯಲ್ಲಿ ಒಂದು ತುಣುಕು ಹೋಳಿಗೆ, ಒಂದು ತುತ್ತು ಅನ್ನ, ಬದನೆಕಾಯಿ ಪಲ್ಯ. ಮೇಸ್ತ್ರಿಯ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಬೀಗರ ಪಂಕ್ತಿಯಲ್ಲಿ ಓಡಾಡುವವಳ ಹಾಗೆ ಬಡಿಸುತ್ತಿದ್ದಳು.

"ಇದೇನ್ ತಾಯಿ ಇದು?"

"ಎಡಿ ಇಟ್ಟೀವ್ರಿ. ಹೆಸರು ಇಲ್ಲಿ ಕುಂತಾವು ಅಂದ್ರ ಅವರೂ ಹುಡುಕ್ಕೋತ ಇಲ್ಲಿಗೇ ಬರ್ತಾರಲ್ರಿ. ಅವ್ರ ಮಂದಿ ಸುಂಕಕ್ಕ ಹೆದರಿ ಸುಮ್ಮನ ಕುಂತಾರ. ಬಂದೋರನ್ನ ನಾವರೆ ಉಪಾಸ ಹೆಂಗ ಕಳಸೂದ್ರಿ?"

ಅವಳ ಮನೆಯಲ್ಲೇ ಆ ವಾರ ಎಣ್ಣೆ ಮುಗಿದಿತ್ತು ಎಂದು ನನಗೆ ಗೊತ್ತಿತ್ತು. ಯಾರೋ ಕಾಣದ ನಲವತ್ತು ಹೆಣಗಳಿಗೆ ಹೋಳಿಗೆ. ನಾನು ಗದರಿದೆ: "ಅವರು ಪರದೇಶದವರು, ಚರ್ಚಿನವರು. ಇದೆಲ್ಲ ಅವರಿಗೆ ನಡಿಯೂದಿಲ್ಲ."

"ಗೊತ್ತೈತ್ರಿ" ಎಂದಳು ಅವಳು ಸೌಟು ನಿಲ್ಲಿಸದೆ. "ಅದಕ್ಕ ಖಾರ ಕಡಿಮಿ ಹಾಕೀನಿ."

ಯಾವ ಪಾರ್ಟಿಯ ಜಡ್ಜು

ಪ್ರಕರಣ ಅಲ್ಲಿಯ ಎಲ್ಲಕ್ಕಿಂತ ಮೇಲಿನ ಕೋರ್ಟಿಗೆ ಹೋಯಿತು. ಅದರ ಗದ್ದಲ ನಮ್ಮ ಊಟದ ಕೋಣೆಗೆ ಬಂತು.

ನಮ್ಮಲ್ಲಿ ಒಬ್ಬ ಅಕೌಂಟೆಂಟ್, ಒಬ್ಬ ಲಾರಿಗಳಿಗೆ ಮಾಲು ಹೇರಿಸುವ ಡಿಸ್ಪ್ಯಾಚ್ ಇನ್‌ಚಾರ್ಜ್. ಇಬ್ಬರೂ ಇಲ್ಲಿಯ ಬೇರೆಬೇರೆ ಪಾರ್ಟಿಯ ಕಟ್ಟಾಳುಗಳು. ಒಬ್ಬ ಫ್ಯಾನ್ ಹಾಕಿದರೆ ಇನ್ನೊಬ್ಬನಿಗೆ ಚಳಿಯಾಗುತ್ತದೆ. ಅಕೌಂಟೆಂಟ್ ಒಂದು ಹಾಳೆಯಲ್ಲಿ ಒಂಬತ್ತು ಜಡ್ಜುಗಳನ್ನು ಬರೆದು, ಯಾರನ್ನು ಯಾವ ಪಾರ್ಟಿಯ ಅಧ್ಯಕ್ಷ ನೇಮಿಸಿದ್ದು ಎಂದು ಗುರುತು ಹಾಕಿದ. ಆರು ಮಂದಿ ಈ ಅಧ್ಯಕ್ಷನ ಪಾರ್ಟಿಯ ಕಡೆಯಿಂದ ಬಂದವರು. "ಮುಗೀತು, ನಾವು ಸೋತೆವು" ಎಂದು ಹಾಳೆ ಮಡಚಿದ. ಅವನು ಸೋತೆವು ಎಂದ ಒಂದೇ ಕಾರಣಕ್ಕೆ ಡಿಸ್ಪ್ಯಾಚಿನವನು "ಗೆಲ್ಲುತ್ತೇವೆ" ಎಂದು ಮೇಜು ಕುಟ್ಟಿದ. ಒಂದು ವಾರ ಇಬ್ಬರೂ ಸಾಂಬಾರು ತಣ್ಣಗಾಗುವ ತನಕ ಜಗಳವಾಡಿದರು. ಹೊರಗೆ ಹದಿನೆಂಟು ಮಂದಿ ಕೆಲಸವಿಲ್ಲದೆ ನೆರಳಿನಲ್ಲಿ ಕೂತಿದ್ದರು. ನನಗೆ ಇಬ್ಬರ ತಟ್ಟೆಯನ್ನೂ ಎತ್ತಿ ಒಗೆಯುವಷ್ಟು ಸಿಟ್ಟು ಬಂದಿತ್ತು.

ಕೊನೆಗೆ ಅವರು ಮೇಸ್ತ್ರಿಯನ್ನೇ ಕೇಳಿದರು. ಆತ ಬಾಗಿಲಲ್ಲಿ ನಿಂತೇ ಹೇಳಿದ:

"ನಮ್ಮ ಹೊಲದ ಕೇಸಿನಾಗ ಜಡ್ಜ್ ನಮ್ಮ ಕುಲದಾವನ ಇದ್ದ್ರಿ. ಊರಿಗೆ ಊರ ಖುಷಿ ಪಟ್ಟಿತ್ತು. ತನ್ನೋರ ಕಡೆ ಹೇಳಿದ ಅಂತ ಮಂದಿ ಆಡಿಕೋಬಾರದಲ್ರಿ, ಅದಕ್ಕ ನಮ್ಮ ವಿರುದ್ಧ ಬರದ."

ನಾನು ಅದನ್ನು ಇಬ್ಬರಿಗೂ ಹಿಂದಿಯಲ್ಲಿ ತಿಳಿಸಿದೆ. ಆಮೇಲೆ ಅಕೌಂಟೆಂಟ್ ಹಾಳೆ ಬಿಚ್ಚಿ, ಆರರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಶಂಕುಸ್ಥಾಪನೆ

ತಿಂಗಳುಗಳು ಕಳೆದವು, ತೀರ್ಪಿಲ್ಲ. ಕೊಳ್ಳುವವನು ಬೇಸತ್ತು, "ಸದ್ಯಕ್ಕೆ ಈ ಆರ್ಡರ್ ಮರೆತುಬಿಡಿ" ಎಂದು ಬರೆದ. ಅದೇ ವಾರ ನಮ್ಮ ವಾರ್ಡಿನ ಮಾಜಿ ಕಾರ್ಪೊರೇಟರ್ ಆಫೀಸಿಗೆ ಬಂದರು. ಹುದ್ದೆ ಹೋದರೂ ಅವರ ಶಂಕುಸ್ಥಾಪನೆಯ ಚಟ ಹೋಗಿರಲಿಲ್ಲ. ಪಾರ್ಕಿನಲ್ಲಿ ಹಿರಿಯ ನಾಗರಿಕರಿಗೆ ಕೂರಲು ಕಟ್ಟೆ ಕಟ್ಟಿಸುತ್ತಾರಂತೆ, ಫಲಕಕ್ಕೆ ಒಂದು ಒಳ್ಳೆಯ ಕಲ್ಲು ಬೇಕು. ಇಂಥವರಿಗೆ ಇಲ್ಲ ಎಂದರೆ ಲಾರಿ ಹೊರಗೆ ಹೋಗುವುದಿಲ್ಲ. ಮಾಲೀಕರು, "ಯಾವುದಾದರೂ ಒಂದು ಕೊಟ್ಟು ಕಳಿಸಿ" ಎಂದರು.

ಡಿಸ್ಪ್ಯಾಚಿನವನು ಅವರದೇ ಪಾರ್ಟಿಯವನು. ತನ್ನ ನಾಯಕನಿಗೆ ಯಾವುದಾದರೂ ಹೇಗೆ ಕೊಡುತ್ತಾನೆ? ನಲವತ್ತರಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಎತ್ತಿಸಿದ. ನಮ್ಮ ಕಲ್ಲಿಗೆ ಎರಡೂ ಮುಖ ಪಾಲಿಶ್ ಇರುತ್ತದೆ. ಮುಂದಿನ ಮುಖದಲ್ಲಿ ಶಿಲುಬೆ, ಒಬ್ಬ ಅಜ್ಜಿಯ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ. ಹಿಂದಿನ ಮುಖದಲ್ಲಿ ಮೇಸ್ತ್ರಿ ಕಾಗದದ ಅಚ್ಚು ಇಟ್ಟು, ಮಾಜಿ ಕಾರ್ಪೊರೇಟರ್ ಹೆಸರನ್ನು ತೆಲುಗಿನಲ್ಲಿ ಕೆತ್ತಿದ. ಮನಸ್ಸಿಲ್ಲದೆ ಕೆತ್ತಿದ. "ಅಜ್ಜಿ ಮುಖ ಗ್ವಾಡಿಗೆ ಹಚ್ಚಿ ಕೂಡಸ್ರಿ" ಎಂದು ಕಲ್ಲು ಒಯ್ಯಲು ಬಂದವರಿಗೆ ನನ್ನಿಂದ ಹಿಂದಿಯಲ್ಲಿ ಎರಡು ಸಲ ಹೇಳಿಸಿದ.

ಪಾರ್ಕಿನಲ್ಲಿ ಗೋಡೆಯೇ ಇರಲಿಲ್ಲ. ಕಲ್ಲನ್ನು ಬಯಲಿನಲ್ಲಿ ಒಂದು ಪೀಠದ ಮೇಲೆ ನಿಲ್ಲಿಸಿದರು. ನಾಯಕರು, ಕ್ಯಾಮೆರಾದವರು ಎಲ್ಲ ಮುಂದೆ. ಹಿರಿಯ ನಾಗರಿಕರಿಗೆ ಕುರ್ಚಿ ಹಾಕಿದ್ದು ಹಿಂದೆ, ಮರದ ನೆರಳಿನಲ್ಲಿ. ಪರದೆ ಸರಿಯಿತು. ಮುಂದೆ ಚಪ್ಪಾಳೆ ಬಿತ್ತು. ಹಿಂದೆ ಕೂತ ಮುದುಕರ ಎದುರಿಗೆ ಶಿಲುಬೆ ಇರುವ ಗೋರಿಕಲ್ಲು ಥಳಥಳ ಹೊಳೆಯಿತು. ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತು, "ನಾವು ಕಟ್ಟೆ ಕೇಳಿದ್ದೆವು, ಇಷ್ಟು ಅವಸರ ಇರಲಿಲ್ಲ" ಎಂದರಂತೆ.

ಅಕೌಂಟೆಂಟ್ ಅಲ್ಲೇ ಇದ್ದ, ಫೋನ್ ಹಿಡಿದುಕೊಂಡು. ಸಂಜೆಯೊಳಗೆ ಅವನ ಪಾರ್ಟಿಯವರು ಹಾರ, ಮೇಣದ ಬತ್ತಿ ತಂದು ಅಜ್ಜಿಗೆ ಶ್ರದ್ಧಾಂಜಲಿ ಸಭೆ ನಡೆಸಿದರು. ಮಾಜಿ ಕಾರ್ಪೊರೇಟರ್, ಇದು ಸಂಚು, ಕಲ್ಲು ತೆಗೆಸಬೇಕು ಎಂದು ಕೋರ್ಟಿಗೆ ಹೋದರು. ಅಕೌಂಟೆಂಟನ ಪಾರ್ಟಿಯವರು, ಇದು ಸಾಕ್ಷಿ, ಕಲ್ಲು ಅಲ್ಲೇ ಇರಬೇಕು ಎಂದು ಹೋದರು. ಯಾರೂ ಮುಟ್ಟಬಾರದು, ಇದ್ದ ಹಾಗೇ ಇರಲಿ ಎಂದು ಆದೇಶವಾಯಿತು.

ಅದಾಗಿ ಕೆಲವು ವಾರಕ್ಕೆ ಅಮೆರಿಕದ ತೀರ್ಪು ಬಂತು. ಅಧ್ಯಕ್ಷನಿಗೆ ಆ ಅಧಿಕಾರ ಇಲ್ಲ, ಸುಂಕ ಹಾಕಬೇಕಾದದ್ದು ಸಂಸತ್ತು. ಅವನ ಪಾರ್ಟಿಯ ಕಡೆಯಿಂದ ಬಂದ ಜಡ್ಜುಗಳಲ್ಲೇ ಕೆಲವರು ಹಾಗೆ ಬರೆದಿದ್ದರು. ಅವನೇನು ಬಿಟ್ಟಾನೆ? ಕೂಡಲೇ ಇನ್ನೊಂದು ಕಾನೂನು ಹುಡುಕಿ ಇನ್ನೊಂದು ಸುಂಕ ಹಾಕಿದ. ಆದರೆ ಹಳೆಯದಕ್ಕಿಂತ ಕಡಿಮೆ. ಕೊಳ್ಳುವವನಿಂದ ಪತ್ರ: "ಅವನು ಮೂರನೆಯ ಕಾನೂನು ಹುಡುಕುವುದರೊಳಗೆ ನಲವತ್ತೂ ಕಳಿಸಿ. ಈ ತಿಂಗಳೊಳಗೆ."

ಅಂಗಳದಲ್ಲಿದ್ದದ್ದು ಮೂವತ್ತೊಂಬತ್ತು. ಅದೇ ಬಣ್ಣದ ಇನ್ನೊಂದು ಕೊಯ್ಯಲು ಬಂಡೆ ಉಳಿದಿರಲಿಲ್ಲ. ಒಂದು ಕಡಿಮೆ ಇದ್ದರೆ ನಡೆಯುತ್ತದೆಯೇ ಎಂದು ಮಾಲೀಕರು ಬರೆಸಿದರು. ಯಾರ ಅಜ್ಜಿಯನ್ನು ಬಿಡೋಣ ಎಂದು ಅವನು ಕೇಳಿದ. ನಾವು ಹೆಸರು ತಿಳಿಸಿದೆವು. ಅದು ಚರ್ಚಿನ ಕಮಿಟಿಯ ಅಧ್ಯಕ್ಷರ ಅಜ್ಜಿ.

ನಮ್ಮ ವಕೀಲರು ಕಲ್ಲು ಬಿಡಿಸಿಕೊಡಿ ಎಂದು ಅರ್ಜಿ ಹಾಕಿದರು. ವಿಚಾರಣೆಯ ದಿನವೇ ತಿಂಗಳ ಕೊನೆ. ಮಾಲೀಕರು ಅಂದೇ ಬಾಗಿಲಿಗೆ ಹಾಕಲೆಂದು ಬೀಗ ಸಿದ್ಧ ಮಾಡಿಟ್ಟಿದ್ದರು. ಹದಿನೆಂಟು ಮಂದಿ ಬಾಡಿಗೆ ಕೋಣೆ ಖಾಲಿ ಮಾಡಿ, ಗಂಟುಮೂಟೆ ಕಟ್ಟಿಕೊಂಡು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಕೂತಿದ್ದರು. ಮಧ್ಯಾಹ್ನ ಯಾದಗಿರಿ ಕಡೆಗೆ ಗಾಡಿ. ಮೇಸ್ತ್ರಿ ಫೋನ್ ಮಾಡಿ ಬನ್ನಿ ಎಂದರೆ ವಾಪಸ್ ಕಾರ್ಖಾನೆಗೆ, ಇಲ್ಲವಾದರೆ ಊರಿಗೆ.

ಕೋರ್ಟಿನಲ್ಲಿ ನಮ್ಮ ಸರದಿ ಬಂದು, ಬೀಡಿ ಹಚ್ಚಿ ಆರಿಸುವಷ್ಟರಲ್ಲಿ ಮುಗಿಯಿತು. ಎರಡೂ ಪಾರ್ಟಿಯ ವಕೀಲರು ಮೊದಲ ಸಲ ಒಂದಾಗಿ, ಉತ್ತರ ಕೊಡಲು ಸಮಯ ಬೇಕು ಎಂದರು. ಮುಂದಿನ ತಾರೀಖು ಬೇಸಿಗೆ ರಜೆ ಮುಗಿದ ಮೇಲೆ.

ಹೊರಗೆ ಪಡಸಾಲೆಯಲ್ಲಿ ಮೇಸ್ತ್ರಿ ನಮ್ಮ ವಕೀಲರ ದಾರಿಗೆ ಅಡ್ಡ ನಿಂತ. ಆತ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಜಗತ್ತಿಗೇ ದೊಡ್ಡ ಅಧ್ಯಕ್ಷಗ ನಿನಗ ಅಧಿಕಾರ ಇಲ್ಲೋ ಅಂತ ಅಲ್ಲಿ ಕೋರ್ಟು ಹೇಳೈತ್ರಿ. ಒಂದು ಕಲ್ಲು ಎತ್ತಿಕೊಡ್ರಿ ಅಂತ ಇಲ್ಲಿ ಹೇಳಾಕ ಏನ್ ಧಾಡಿ?"

ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ವಕೀಲರು ಆತನ ಹೆಗಲ ಮೇಲೆ ಕೈ ಇಟ್ಟರು.

"ನೋಡಪ್ಪ, ಅಲ್ಲಿ ಎದುರಿಗಿದ್ದವನು ಬರೀ ಅಧ್ಯಕ್ಷ. ಇಲ್ಲಿರುವವರು ಮಾಜಿ ಕಾರ್ಪೊರೇಟರ್."

ಅಷ್ಟರಲ್ಲಿ ಮೇಸ್ತ್ರಿಯ ಫೋನ್ ರಿಂಗಾಯಿತು. ಸ್ಟೇಷನ್ನಿನಿಂದ ಹೆಂಡತಿ. ಗದ್ದಲದಲ್ಲಿ ಕೂಗಿ ಮಾತಾಡುತ್ತಿದ್ದಳು, ನನಗೂ ಕೇಳಿಸಿತು: "ಗಾಡಿ ಬಂತು! ಏನಾತು? ಸೋತ್ವೇನು?"

"ಏ, ಸೋತಿಲ್ಲ" ಎಂದ ಮೇಸ್ತ್ರಿ. "ಅಮೆರಿಕಾದಾಗ ಗೆದ್ದೀವಿ. ಇಲ್ಲಿ ವಾಯಿದೆ ಸಿಕ್ಕೈತಿ. ನೀವು ಗಾಡಿ ಹತ್ರಿ."