ಅಜ್ಜನ ಅಂಬಾಸಿಡರಿಗೆ ನಡುಕ ಹಿಡಿದದ್ದು

ಹುಮನಾಬಾದಿನಲ್ಲಿ ಯಾರದ್ದಾದರೂ ಗಾಡಿ ಕೆಟ್ಟರೆ, ಮಿಸ್ತ್ರಿಗಿಂತ ಮೊದಲು ಸಲಹೆ ಕೊಡುವವರು ಬಂದು ನಿಂತಿರುತ್ತಾರೆ. ನಮ್ಮ ಮನೆಯಲ್ಲಂತೂ ಅಜ್ಜ ಬಿಟ್ಟುಹೋದ ಅಂಬಾಸಿಡರ್ ಇರುವತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಈ ಸಲ ಗಾಡಿಗೆ ನಡುಕ ಹಿಡಿದದ್ದು ಅಕ್ಕನ ಮದುವೆಯ ಹೊತ್ತಿಗೆ. ಮದುವೆ ಬೀಗರ ಊರಾದ ಬಸವಕಲ್ಯಾಣದಲ್ಲಿ. "ನನ್ನ ಮಗಳು ನಮ್ಮಪ್ಪನ ಗಾಡ್ಯಾಗೇ ಬಂದು ಮಂಟಪದ ಮುಂದ ಇಳೀತಾಳ" ಎಂದು ಅಪ್ಪ ಬೀಗರೆದುರು ಮೀಸೆ ಮುಟ್ಟಿ ಹೇಳಿಬಂದಿದ್ದರು. ಆದರೆ ವೇಗ ಅರವತ್ತು ಮುಟ್ಟಿದರೆ ಸಾಕು, ಹಿಂದಿನ ಸೀಟಿನಡಿಯಿಂದ ಗಡಗಡ ಎದ್ದು ನಮ್ಮ ಹಲ್ಲಿಗೆ ಬರುತ್ತಿತ್ತು. ಅವ್ವ ಹೇಳಿಯೇಬಿಟ್ಟಳು: "ಲಗ್ನದೊಳಗ ಈ ನಡುಕ ನಿಲ್ಲಬೇಕು. ಇಲ್ಲಾಂದ್ರ ಗಾಡಿ ಗುಜರಿಗೆ, ಮಗಳು ಬಾಡಿಗಿ ಕಾರಿಗೆ."

ಅಂಗಳದ ತಜ್ಞರು

ಅಪ್ಪನ ಗೆಳೆಯರು ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ನಿಂತರು. ಒಬ್ಬರು ಎಂಜಿನ್ ಅಂದರು, ಒಬ್ಬರು ಟೈರ್ ಅಂದರು, ಕಿರಾಣಿ ಅಂಗಡಿಯವರು "ನಜರ್ ಆಗ್ಯದ" ಅಂದರು. ಟೈರ್ ಬದಲಾದವು. ನಿಂಬೆಹಣ್ಣು ಚಕ್ರದಡಿ ಸತ್ತವು. ನಡುಕ ಮಾತ್ರ ಚೆನ್ನಾಗಿತ್ತು.

ಚಹಾ ಕೊಡಲು ಹೋದ ನಾನು ಮೆಲ್ಲಗೆ ಹೇಳಿದೆ: "ಅಪ್ಪಾ, ಇಳಿಜಾರಿನಾಗ ಪೆಟ್ರೋಲ್ ಉಳಸಾಕ ನ್ಯೂಟ್ರಲ್ ಮಾಡ್ತೀರಲ್ಲ, ಆವಾಗೂ ಹಂಗೇ ನಡಗ್ತದ. ಅಂದ್ರ ಎಂಜಿನ್ ಅಲ್ಲ. ಹಿಂದಿನ ಗಾಲಿಗೆ ಹೋಗೋ ಶಾಫ್ಟ್ ಇರಬೇಕು."

"ನೋಡಪ್ಪಾ, ಇಂಗ್ಲಿಷ್ ಸಾಲಿ ಓದಿದ ಹುಡುಗಿ ನಮಗ ಗಾಡಿ ಕಲಸಾಕತ್ತಾಳ!" ಎಂದರು ಅಪ್ಪನ ತಮ್ಮ, ನಮ್ಮ ಕಾಕಾ. ಎಲ್ಲರೂ ನಕ್ಕರು.

ಎರಡು ಗುಟುಕು ಚಹಾ ಇಳಿದ ಮೇಲೆ ಕಾಕಾ ಗಂಟಲು ಸರಿಮಾಡಿಕೊಂಡರು. "ಅಣ್ಣಾ, ನನಗನಸ್ತದ, ಇದು ಶಾಫ್ಟೇ ಇರಬೇಕು."

"ಏನ್ ತಲಿ ಅದನೋ ನಿಂದು!" ಎಂದರು ಅಪ್ಪ. ಆ ತಲೆಗೆ ಇನ್ನೊಂದು ಕಪ್ ಚಹಾ ನಾನೇ ತಂದುಕೊಟ್ಟೆ.

ಕಣ್ಣು ಮುಚ್ಚಿದ ಮಿಸ್ತ್ರಿ

ಮಿಸ್ತ್ರಿ ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಕಣ್ಣ್ ಮುಚ್ಚಿ ಹೇಳ್ತೀನ್ರಿ, ಕ್ರಾಸ್ ಹೋಗ್ಯದ." ಕ್ರಾಸ್ ಅಂದರೆ ಶಾಫ್ಟಿನ ತುದಿಯ ಕೀಲಿನಲ್ಲಿರುವ, ಕೂಡುವ ಚಿಹ್ನೆಯಂಥ ಕಬ್ಬಿಣದ ತುಂಡು. ಎರಡೂ ತುದಿಯ ಕ್ರಾಸ್ ಹೊಸದಾಗಿ ಬಂದವು. ಗಾಡಿ ಮೊದಲಿನಂತೆಯೇ ನಡುಗಿತು.

"ಹೊಸಾದ್ರಿ ಸಾಹೇಬ್ರ, ಹೊಂದಿಕೊಳ್ಳಾಕ ಟೈಮ್ ಹಿಡೀತದ. ಸ್ವಲ್ಪ ಸಹಿಸಿಕೊಳ್ರಿ" ಅಂದ ಮಿಸ್ತ್ರಿ.

ಗಂಡನ ಮನೆಯ ವಿಷಯದಲ್ಲಿ ಅಕ್ಕನಿಗೂ ಎಲ್ಲರೂ ಇದನ್ನೇ ಹೇಳುತ್ತಿದ್ದರು.

ಜಪಮಾಲೆ

ಆಗ ಘಾಟಬೋರಾಳದಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಮದುವೆ ಕೆಲಸಕ್ಕೆಂದು ಬಂದರು. ದೊಡ್ಡ ಭಕ್ತೆ, ಆಕಾರವೂ ದೊಡ್ಡದು. ಅವರು ಹಿಂದೆ ಕೂತ ದಿನ ಗಾಡಿ ಅರವತ್ತು ದಾಟಿದರೂ ಮಿಸುಕಲಿಲ್ಲ.

"ನಾಮಸ್ಮರಣಿ ಮಾಡಾಕತ್ತಿದ್ನೆಪ್ಪಾ" ಎಂದು ಅತ್ತೆ ಮಾಲೆ ಕಣ್ಣಿಗೊತ್ತಿಕೊಂಡರು. ಅಂದಿನಿಂದ ಅಪ್ಪ ಪೆಟ್ರೋಲ್ ಹಾಕಿಸಲೂ ಅತ್ತೆಯನ್ನು ಕೂರಿಸಿಕೊಂಡೇ ಹೋದರು.

ನಾನು ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಅತ್ತೆ ಗೊರಕೆ ಹೊಡೆದು ಮಾಲೆ ನಿಂತಾಗಲೂ ಗಾಡಿ ನಡುಗಲಿಲ್ಲ. ಮಾಲೆಯನ್ನು ಸೀಟಿನ ಮೇಲೆ ಮರೆತು ಅತ್ತೆ ಇಳಿದುಹೋದ ದಿನ ನಡುಗಿತು. ಮಹಿಮೆ ಮಾಲೆಯದ್ದಲ್ಲ, ಅತ್ತೆಯದ್ದು.

ಮಂಟಪದ ಮುಂದೆ

ಹಿಂದೆ ಭಾರ ಬಿದ್ದರೆ ನಡುಕ ನಿಲ್ಲುತ್ತದೆ ಎಂದು ನಾನು ಕಾಕಾರಿಗೆ ಹೇಳಿದೆ. ಕಾಕಾ ತಮ್ಮ ಮಾತಾಗಿ ಮಿಸ್ತ್ರಿಗೆ ಹೇಳಿದರು. ಮಿಸ್ತ್ರಿ ಮೊದಲ ಸಲ ಕಣ್ಣು ತೆರೆದು ಗಾಡಿಯ ಕೆಳಗೆ ಹೋದ. ಅಲ್ಲಿಂದಲೇ ಕೂಗಿದ: "ಸಾಹೇಬ್ರ, ಇದಕ್ಕ ಕಬ್ಬಿನ ಟ್ರೇಲರಿನ ಪಾಟಾ ಯಾರ್ ಹಾಕ್ಯಾರ್ರಿ?"

ಅಪ್ಪ ಆಕಾಶ ನೋಡತೊಡಗಿದರು. ಹಳೇ ಗಾಡಿಯ ಹಿಂಭಾಗ ಕುಸಿದು ರೋಡಿನ ಉಬ್ಬುಗಳಿಗೆ ತಾಗುತ್ತದೆ, ಬೀಗರೆದುರು ಗತ್ತಿನಿಂದ ಎದ್ದು ಕಾಣಬೇಕು ಎಂದು ಹಳ್ಳಿಖೇಡದಲ್ಲಿ ಟ್ರೇಲರ್ ಮಾಡುವವನಿಂದ ಸ್ಪ್ರಿಂಗಿಗೆ ದಪ್ಪ ಉಕ್ಕಿನ ಪಟ್ಟಿ ಹಾಕಿಸಿ, ಯಾರಿಗೂ ಹೇಳದೆ ಬಂದಿದ್ದರು. ಹಿಂಭಾಗ ಎದ್ದು ಶಾಫ್ಟ್ ಸೊಟ್ಟ ಕೋನಕ್ಕೆ ತಿರುಗುತ್ತಿತ್ತು; ಅತ್ತೆ ಕೂತಾಗ ಹಿಂಭಾಗ ತಗ್ಗಿ ಅದು ನೆಟ್ಟಗಾಗುತ್ತಿತ್ತು. ಪಾಟಾ ತೆಗೆದರು, ನಡುಕ ಹೋಯಿತು. ಗತ್ತೂ ಹೋಯಿತು, ಗಾಡಿ ಹಿಂದೆ ಕುಸಿದು ಕೂತಿತು.

ಮದುವೆಯ ದಿನ ಹಿಂದಿನ ಸೀಟಿನಲ್ಲಿ ಅಕ್ಕ, ನಾನು, ಅತ್ತೆ. ಇನ್ನು ನಿನ್ನ ಅಗತ್ಯವಿಲ್ಲ ಎಂದು ಅತ್ತೆಗೆ ಹೇಳುವ ಧೈರ್ಯ ಯಾರಿಗಿತ್ತು? ಹೆದ್ದಾರಿಯುದ್ದಕ್ಕೂ ಗಾಡಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಬಸವಕಲ್ಯಾಣದ ಮೊದಲ ಉಬ್ಬಿನಲ್ಲಿ ಗಾಡಿಯ ಹೊಟ್ಟೆ ಕರ್‍ರೆಂದಿತು. "ಇಳೀರಿ, ಇಳೀರಿ" ಎಂದರು ಅಪ್ಪ. ನಾವು ಇಳಿದೆವು, ಗಾಡಿ ದಾಟಿತು, ನಾವು ಹತ್ತಿದೆವು. ಮತ್ತೊಂದು ಉಬ್ಬು, ಮತ್ತೆ ಇಳಿದೆವು.

"ನಾ ಲಗ್ನಕ್ಕ ಬಂದೀನೋ, ಪಾದಯಾತ್ರಿಗಿ ಬಂದೀನೋ?" ಎಂದರು ಅತ್ತೆ.

ಕೊನೆಯ ಉಬ್ಬು ಮಂಟಪದ ಗೇಟಿಗಿಂತ ಸ್ವಲ್ಪ ಮೊದಲು. ನಾವು ಇಳಿದದ್ದೇ ತಡ, ಅತ್ತ ಬ್ಯಾಂಡು ಶುರುವಾಯಿತು. ಅದರ ಸದ್ದಿಗೆ ಅಪ್ಪನ ಎದೆ ಉಬ್ಬಿತು. ನಮಗಾಗಿ ನಿಲ್ಲುವುದನ್ನೇ ಮರೆತು ಸೀದಾ ಗೇಟಿನೊಳಗೆ ಹೋಗಿ ನಿಂತರು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಹಿಂದಿನ ಬಾಗಿಲು ತೆಗೆದರು. ಸೀಟು ಖಾಲಿ. ದೂರದಲ್ಲಿ ಅಕ್ಕ ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿಬರುತ್ತಿದ್ದಳು.

"ಬೀಗರ, ಮದಿಮಗಳು ಎಲ್ಲ್ಯಾಳ್ರಿ?" ಎಂದು ಬೀಗರು ಗಾಬರಿಯಿಂದ ಕೇಳಿದರು.

ಅಪ್ಪ ಸ್ಟೇರಿಂಗ್ ತಟ್ಟಿ ಹೇಳಿದರು: "ಅದಿರ್ಲಿ ಬಿಡ್ರಿ, ಹುಮನಾಬಾದಿನಿಂದ ಇಲ್ಲಿತನಕ ಒಂದ್ ಚೂರರೆ ನಡಗೇತೇನು ಕೇಳ್ರಿ!"